ಚಕ್ಕುಬಂದಿ ಪವಮಾನ

ಊಟದ ಬಗ್ಗೆ ಬರೆಯುವವನಿಗೆ ಮೊದಲು ಹೊಟ್ಟೆ ಇರಬೇಕು. ಜಮಖಂಡಿಯ ಪವಮಾನ ಮುಜುಮದಾರನಿಗೆ ಇರುವುದು ಹೊಟ್ಟೆಯಲ್ಲ, ಗುಳಿಗೆ ಇಡುವ ಜಾಗ. ಖಾರ ತಿಂದರೆ ಉರಿ, ಎಣ್ಣೆ ತಿಂದರೆ ತೇಗು, ಬಳ್ಳೊಳ್ಳಿ ವಾಸನೆ ಬಂದರೆ ತಲೆನೋವು. ಇಂಥವನು ಹೆಗಲಿಗೊಂದು ಚೀಲ ಹಾಕಿಕೊಂಡು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ತಿರುಗಿ, ಎಲ್ಲಿ ಏನು ನೋಡಬೇಕು, ಎಲ್ಲಿ ಏನು ಉಣ್ಣಬೇಕು ಅಂತ ಫೋನಿನಲ್ಲಿ ಲೋಕಕ್ಕೆಲ್ಲ ಹೇಳುತ್ತಿದ್ದ. ಆ ಚೀಲದೊಳಗೆ ಅವನ ತಾಯಿ ಮಥುರಾಬಾಯಿ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ಇರುತ್ತಿತ್ತು. ಹೋಟೆಲಿನಲ್ಲಿ ನಾಲ್ಕು ತುತ್ತು ತಿಂದ ಶಾಸ್ತ್ರ ಮಾಡಿ, ಹೊರಗೆ ಬಂದು ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚುತ್ತಿದ್ದ. ಒಂದಲ್ಲ, ಹತ್ತು ಸಲ ಕಣ್ಣಾರೆ ಕಂಡಿದ್ದೇನೆ.

ನಾನು ಪ್ರಭುಲಿಂಗ, ರಬಕವಿಯವನು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಈ ನಾಲ್ಕು ಊರುಗಳ ನಡುವೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಟ್ಟವರಿಲ್ಲ. ಯಾವ ಹೋಟೆಲಿನವನು ನಿನ್ನೆಯ ಎಣ್ಣೆಯಲ್ಲಿ ಇವತ್ತಿನ ಮಿರ್ಚಿ ಕರಿಯುತ್ತಾನೆ, ಯಾವನ ಚಹಾದಲ್ಲಿ ಹಾಲು ಹೆಸರಿಗಷ್ಟೇ ಇರುತ್ತದೆ, ಎಲ್ಲ ನನ್ನ ನಾಲಿಗೆಗೆ ಗೊತ್ತು. ನಿವೃತ್ತಿ ಆದಮೇಲೆ ಬೆಳಗ್ಗೆ ರಬಕವಿ ಬಸ್ ನಿಲ್ದಾಣದ ಪಕ್ಕ ದುರಗೇಶನ ಚಹಾದಂಗಡಿಯ ಬಾಕಿನ ಮೇಲೆ ಕೂರುತ್ತೇನೆ. ಯಾರನ್ನಾದರೂ ಬೈಯದೆ ನನಗೆ ಚಹಾ ರುಚಿಸುವುದಿಲ್ಲ. ಆ ವರ್ಷ ಬೈಯಲು ಪವಮಾನ ಸಿಕ್ಕಿದ.

ಅವನ ಅಜ್ಜ ಸಂಸ್ಥಾನದಲ್ಲಿ ಕಾರಕೂನನಾಗಿದ್ದನಂತೆ. ಮೊಮ್ಮಗ ಜಮಖಂಡಿಯ ನೋಂದಣಿ ಕಚೇರಿ ಎದುರು, ತಗಡಿನ ನೆರಳಲ್ಲಿ ಮೇಜು ಹಾಕಿಕೊಂಡು ಖರೀದಿ ಪತ್ರ, ಬಾಂಡು ಬರೆಯುತ್ತಾನೆ. ವಯಸ್ಸು ನಲವತ್ತಾರು. ಹೊಲ, ಮನೆ ಯಾವುದೇ ಇರಲಿ, ಪತ್ರದಲ್ಲಿ ಅದರ ಚಕ್ಕುಬಂದಿ ಬರೆಯಬೇಕಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥ ಹಳ್ಳ ಅಂತ. ಇಪ್ಪತ್ತು ವರ್ಷ ಅದನ್ನೇ ಬರೆದು ಅವನ ಕೈ ಬೇರೇನೂ ಬರೆಯದ ಹಾಗೆ ಆಗಿಹೋಗಿತ್ತು. ಹೋಟೆಲಿನ ಬಗ್ಗೆ ಬರೆಯುವಾಗಲೂ ಮೊದಲು ಚಕ್ಕುಬಂದಿ. ಮುಧೋಳದ ಒಂದು ಗಿರಮಿಟ್ ಗಾಡಿಗೆ ಅವನು ಬರೆದದ್ದನ್ನು ದುರಗೇಶ ಫೋನಿನಲ್ಲಿ ತೆಗೆದು ಬಾಕಿನವರಿಗೆಲ್ಲ ಓದಿ ಹೇಳಿದ: "ಸದರಿ ಗಾಡಿಗೆ ಪೂರ್ವಕ್ಕೆ ಸೈಕಲ್ ಅಂಗಡಿ, ಪಶ್ಚಿಮಕ್ಕೆ ಚರಂಡಿ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಖುಲ್ಲಾ ಜಾಗ. ಗಿರಮಿಟ್ ಖಾರವಿದ್ದು, ನಾಲ್ಕು ಚಮಚ ಸೇವಿಸಲಾಯಿತು. ಶುಚಿಯಾಗಿದೆ." ಗಿರಮಿಟ್ ತಿಂದವನು ಹೀಗೆ ಬರೆಯುತ್ತಾನೋ, ಪಂಚನಾಮೆ ಮಾಡಿದವನು ಹೀಗೆ ಬರೆಯುತ್ತಾನೋ ನೀವೇ ಹೇಳಿ.

ನೋಡತಕ್ಕ ಸ್ಥಳಗಳ ಕತೆಯೂ ಅಷ್ಟೇ. ಬೀಳಗಿಯ ಅರೆತ್ತಿನ ಬಾವಿಗೆ ಹೋಗಿ ಬಂದು "ಮೆಟ್ಟಿಲು ಇಳಿಯುವಾಗ ಜೋಕೆ" ಅಂತ ಬರೆದ. ಮುಧೋಳದ ನಾಯಿಗಳು ಅಂದರೆ ದೇಶಕ್ಕೆಲ್ಲ ಹೆಸರು, ಅವುಗಳ ಬಗ್ಗೆ ಇವನ ಮಾತು: "ನಾಯಿಗಳು ತೆಳ್ಳಗಿದ್ದು ಸಭ್ಯವಾಗಿವೆ." ಜಮಖಂಡಿಯ ರಾಮತೀರ್ಥದ ಅರಮನೆಗೆ ನಾಲ್ಕು ನಕ್ಷತ್ರ. ಚಿಮ್ಮಡದ ಬಸ್ ತಂಗುದಾಣಕ್ಕೂ ನಾಲ್ಕು ನಕ್ಷತ್ರ, ಯಾಕೆಂದರೆ ಅಲ್ಲಿ ನೆರಳು ಚೆನ್ನಾಗಿದೆಯಂತೆ. ಅರಮನೆಯನ್ನೂ ತಂಗುದಾಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ಬನಹಟ್ಟಿ ರಸ್ತೆಗೆ ಆ ಕಂಪನಿ ಬರದೆ ಇದ್ದಿದ್ದರೆ. ಹಾಳು ಬಿದ್ದ ಹತ್ತಿ ಜಿನ್ನಿನ ಶೆಡ್ಡಿಗೆ ಸುಣ್ಣ ಬಳಿದು, ಎಸಿ ಹಾಕಿ, 'ಐಟಿ ಪಾರ್ಕ್' ಅಂತ ಬೋರ್ಡು ತೂಗುಹಾಕಿದರು. ಪಾರ್ಕು ಅಂದರೆ ಎರಡು ಕುಂಡದಲ್ಲಿ ಕ್ರೋಟನ್ ಗಿಡ. ಅರವತ್ತು ಹುಡುಗ ಹುಡುಗಿಯರು ಹೊರಗಿನಿಂದ ಬಂದು ಕಂಪ್ಯೂಟರ್ ಮುಂದೆ ಕೂರುವವರಿದ್ದರು. ಅವರ ಮೇಲಿನವನು ಪುಣೆಯ ಅಮೇಯ ಅಂತ, ಮೂವತ್ತು ದಾಟದ ಹುಡುಗ. ಬಂದವರಿಗೆ ಹಂಚಲು ಅವನಿಗೊಂದು ಪುಸ್ತಿಕೆ ಬೇಕಾಗಿತ್ತು: ಸುತ್ತ ನೋಡತಕ್ಕ ಹತ್ತು ಜಾಗ, ಉಣ್ಣತಕ್ಕ ಹತ್ತು ಜಾಗ. ಫೋನಿನಲ್ಲಿ ಹುಡುಕಿದರೆ ಈ ಊರುಗಳ ಬಗ್ಗೆ ಬರೆದವನು ಪವಮಾನ ಒಬ್ಬನೇ. ಅವನಿಗೇ ಕೆಲಸ ಒಪ್ಪಿಸಿದ. ಜೊತೆಗೆ ಇನ್ನೊಂದು ಮಾತು ಹೇಳಿದ್ದ. ಅರವತ್ತು ಜನರ ದಿನದ ಮಧ್ಯಾಹ್ನದ ಊಟವನ್ನು ಒಂದು ವರ್ಷದ ಮಟ್ಟಿಗೆ ಆ ಹತ್ತರಲ್ಲಿ ಒಬ್ಬರಿಗೆ ಕೊಡುವುದಾಗಿ.

ಈ ಸುದ್ದಿ ಇಂದ್ರವ್ವನ ಕಿವಿಗೂ ಬಿತ್ತು.

ಇಂದ್ರವ್ವನ ಖಾನಾವಳಿ ಬನಹಟ್ಟಿಯ ನೇಕಾರರ ಓಣಿಯಲ್ಲಿದೆ. ಬೋರ್ಡಿಲ್ಲ, ದರದ ಪಟ್ಟಿ ಇಲ್ಲ, ಗಡಿಯಾರವೂ ಇಲ್ಲ. ಓಣಿಯ ಪವರ್‌ಲೂಮ್ ಮಗ್ಗಗಳು ಓಡುತ್ತಿರುವಷ್ಟು ಹೊತ್ತು ಆಕೆ ಬಾಗಿಲಲ್ಲಿ ಕೂತು, ರಾಟೆಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತಾಳೆ. ಕರೆಂಟ್ ಇದ್ದಾಗ ನೇಕಾರ ಮಗ್ಗ ಬಿಟ್ಟು ಏಳುವುದಿಲ್ಲ, ಎದ್ದಷ್ಟು ಹೊತ್ತು ಸೀರೆ ನಿಲ್ಲುತ್ತದೆ. ಹಾಗಾಗಿ ಅವನ ಊಟದ ಹೊತ್ತು ಅಂದರೆ ಕರೆಂಟ್ ಹೋಗುವ ಹೊತ್ತು. ಹನ್ನೊಂದಕ್ಕೆ ಹೋದರೆ ಹನ್ನೊಂದಕ್ಕೆ ಊಟ, ಮೂರಕ್ಕೆ ಹೋದರೆ ಮೂರಕ್ಕೆ. ಓಣಿಯ ಕಟಕಟ ಸದ್ದು ನಿಂತಿತೋ, ಇಂದ್ರವ್ವ ರಾಟೆ ಸರಿಸಿ ಹಂಚು ಒಲೆಗೆ ಇಡುತ್ತಾಳೆ. ನೇಕಾರರು ಕೈ ತೊಳೆದು ಬರುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತದೆ. ಜುಣಕ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಾಕು ಅನ್ನುವವರೆಗೆ ಬಡಿಸುತ್ತಾಳೆ, ಸಾಕು ಅಂದ ಮೇಲೂ ಒಂದು ಹಾಕುತ್ತಾಳೆ. ಸದ್ದು ನಡೆದಿರುವಾಗ ಯಾರಾದರೂ ಹೋದರೆ ಒಂದೇ ಮಾತು: "ಕರೆಂಟ್ ಹೋಗಲಿ, ಕೂಡ್ರಿ."

ನಾನು ಆ ಮನೆಯಲ್ಲಿ ಮೂವತ್ತು ವರ್ಷ ಉಂಡವನು. ಡ್ಯೂಟಿಯ ನಡುವೆ ಸಿಕ್ಕ ಅರ್ಧ ತಾಸಿಗೆ ಓಡಿ ಹೋಗುತ್ತಿದ್ದೆ. ಸರ್ಕಾರಿ ಬಸ್ಸಿಗೆ ಕರೆಂಟ್ ಹೋಗುವುದು ಗೊತ್ತಾಗುವುದಿಲ್ಲ, ಅದಕ್ಕೇ ನನ್ನ ಒಬ್ಬನಿಗೋಸ್ಕರ ಆಕೆ ಸದ್ದು ನಿಲ್ಲುವ ಮುಂಚೆಯೇ ಹಂಚು ಇಡುತ್ತಿದ್ದಳು. ನನ್ನನ್ನು ಅಣ್ಣಾ ಅನ್ನುತ್ತಿದ್ದಳು. ನಾಗರಪಂಚಮಿಗೆ ಉಂಡಿ ಕಟ್ಟಿ ಕೊಡುತ್ತಿದ್ದಳು.

ಒಂದು ದಿನ ಉಂಡು ಕೈ ತೊಳೆಯುವಾಗ ಆಕೆ ಕೇಳಿದಳು. "ಅಣ್ಣಾ, ಜಮಖಂಡಿ ಮಂದಿ ಒಬ್ರು ಹೋಟೆಲ್ ಬರಕೊಳ್ಳಾಕತ್ತಾರಂತಲ್ಲ. ನಿನ್ನ ಬಾಕಿಗೆ ಬರ್ತಾರಂತ."

"ಹೂಂ. ಬರ್ತಾನ ಅಂವಾ. ಅವನ ಹೊಟ್ಟಿ ನೋಡಿದ್ರ ನೀನ ಅತ್ತಬಿಡ್ತಿ."

"ನಗಬ್ಯಾಡ. ಇಲ್ಲಿಗೊಮ್ಮೆ ಕರಕೊಂಡ ಬಾ. ಓಣ್ಯಾಗ ನಲವತ್ತ ಮನಿ ಮಗ್ಗ ಇದ್ದೂ, ಈಗ ಹನ್ನೊಂದ ಉಳದಾವು. ಹನ್ನೊಂದ ಮಂದಿಗೆ ಒಲಿ ಹಚ್ಚಿದ್ರ ಕಟಗಿ ಖರ್ಚ ಹೊರಡೂದಿಲ್ಲ. ಆ ಊಟ ನನಗ ಸಿಗಲಿಲ್ಲಂದ್ರ ಮುಚ್ಚಿ ಮಗಳ ಮನಿಗೆ ಚಿಮ್ಮಡಕ್ಕ ಹೋಗೂದ. ಅಲ್ಲಿ ಕುಂತ ಉಣ್ಣೂದಂದ್ರ ನನಗ ಆಗೂದಿಲ್ಲ."

"ಕಂಪನಿ ಮಂದಿಗೆ ಒಂದ ಹೊಡದ ಕೂಡ್ಲೆ ಊಟ ಬೇಕಾಕ್ಕೈತಿ. ನೀ ಕರೆಂಟ್ ಹಾದಿ ಕಾಯಾಕಿ."

"ಅವರಿಗೆ ಗಡಿಯಾರದ ಪ್ರಕಾರ ಮಾಡಿ ಕೊಡ್ತೇನಿ. ಇವರಿಗೆ ಕರೆಂಟಿನ ಪ್ರಕಾರ. ಎರಡ ಸರತಿ ಒಲಿ ಹಚ್ಚಾಕ ನನಗ ಬ್ಯಾಸರ ಇಲ್ಲ. ಅವರನ್ನ ಕರಕೊಂಡ ಬಾ, ಅಷ್ಟ."

ಕರೆದುಕೊಂಡು ಬರುತ್ತೇನೆ ಅಂದೆ.

ಮರುದಿನವೇ ಪವಮಾನ ಬಾಕಿನ ಮುಂದೆ ಬಂದು ನಿಂತ. ಉದ್ದ ನೋಟುಬುಕ್ಕು, ಕಿವಿಗೆ ಸಿಕ್ಕಿಸಿದ ಪೆನ್ನು, ಎದೆಯ ಮೇಲೆ ತೂಗುವ ಕನ್ನಡಕ. ನನ್ನ ಎದುರು ಅವನು ಯಾವತ್ತೂ ಕೂರುತ್ತಿರಲಿಲ್ಲ. ಆ ಮರ್ಯಾದೆ ನೋಡಿದರೆ ನನಗೆ ಇನ್ನೂ ಸಿಟ್ಟು. ಬೈಯಲು ಬಂದವನಿಗೆ ಎದುರಿನವನು ಕೈ ಮುಗಿದರೆ ಬೈಗಳು ಬಾಯಲ್ಲೇ ಉಳಿಯುತ್ತವೆ.

"ಸಾಹೇಬ್ರ, ಒಂಬತ್ತು ಆಗ್ಯಾವರಿ. ಹತ್ತನೇದು ಬನಹಟ್ಟಿದು ಇರಲಿ ಅಂತ ನನ್ನ ಇಚ್ಛಾ ಅದ. ಇಂದ್ರವ್ವನವರ ಖಾನಾವಳಿ ಭಾಳ ಛಲೋ ಅದ ಅಂತಾರ. ಯಾವಾಗ ಹೋದ್ರ ಊಟ ಸಿಗ್ತದರಿ?"

ಆಗ ನನ್ನ ತಲೆಯಲ್ಲಿ ಒಂದು ಆಟ ಹುಟ್ಟಿತು. ಓಣಿಯಲ್ಲಿ ಮಂಗಳವಾರ ಲೈನಿನ ಕೆಲಸ ಅಂತ ಕರೆಂಟ್ ತೆಗೆಯುತ್ತಿದ್ದರು. ಅದಕ್ಕೆ ಬದಲಾಗಿ ಬುಧವಾರ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ತೆಗೆಯುತ್ತಿರಲಿಲ್ಲ. ಆ ದಿನ ನೇಕಾರರು ಹೊತ್ತು ಮುಳುಗುವವರೆಗೆ ಮಗ್ಗ ಬಿಡುವುದಿಲ್ಲ, ಇಂದ್ರವ್ವ ರಾಟೆ ಬಿಡುವುದಿಲ್ಲ. ಓಣಿಯಲ್ಲಿ ಇದು ಗೊತ್ತಿಲ್ಲದವರು ಇಲ್ಲ. ಜಮಖಂಡಿಯ ಬಾಂಡ್ ಬರೆಯುವವನಿಗೆ ಮಗ್ಗ ಯಾವಾಗ ನಿಲ್ಲುತ್ತದೆ ಅಂತ ಹೇಗೆ ಗೊತ್ತಾಗಬೇಕು?

"ಬುಧವಾರ ಹನ್ನೆರಡಕ್ಕ ಹೋಗ್ರಿ," ಅಂದೆ. "ಗದ್ದಲ ಇರತೈತಿ, ಹಾದಿ ಕಾಯಬೇಕಾಕ್ಕೈತಿ. ಎದ್ದ ಬರಬ್ಯಾಡ್ರಿ ಮತ್ತ. ಹಾಂ, ಆ ಮೊಸರನ್ನದ ಡಬ್ಬಿ ಒಯ್ಯಬ್ಯಾಡ್ರಿ. ಆಕಿಗೆ ಅಪಮಾನ ಆಗತೈತಿ."

"ಇಲ್ಲರಿ, ಒಯ್ಯೂದಿಲ್ಲ," ಅಂದ. ನೋಟುಬುಕ್ಕಿನಲ್ಲಿ ಅದನ್ನೂ ಬರೆದುಕೊಂಡ.

ಅವನು ಬಸ್ ಹತ್ತಿದ ಮೇಲೆ ಬಾಕಿನವರೆಲ್ಲ ನಕ್ಕರು. ನಾನು ಲೆಕ್ಕ ಹಾಕಿದ್ದು ಇಷ್ಟೇ: ಒಂದು ಮಧ್ಯಾಹ್ನ ಖಾಲಿ ಹೊಟ್ಟೆಯಲ್ಲಿ ಕೂತು ಎದ್ದು ಬರಲಿ, ಎರಡು ವಾರ ಬಾಕಿಗೆ ಮಾತಾಗುತ್ತದೆ. ಆಮೇಲೆ ಒಂದು ದಿನ ನಾನೇ ಕರೆದುಕೊಂಡು ಹೋಗಿ ಸರಿಯಾಗಿ ಉಣ್ಣಿಸಿದರಾಯಿತು. ಪಟ್ಟಿ ಕೊಡಲು ಯಾವ ದಿನ ಕಡೆ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ.

ಗುರುವಾರ ಬೆಳಗ್ಗೆ ಪವಮಾನ ಮತ್ತೆ ಬಾಕಿನ ಮುಂದೆ ಹಾಜರು. ಮುಖ ಬಿಳಿಚಿಕೊಂಡಿತ್ತು. ಬೈಯುತ್ತಾನೆ ಅಂತ ನಾನು ಸಜ್ಜಾಗಿ ಕೂತೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಊಟ ಆಗಲಿಲ್ರಿ, ಸಾಹೇಬ್ರ. ನಿನ್ನೆ ಕರೆಂಟ್ ಹೋಗಲೇ ಇಲ್ಲ. ಐದು ತಾಸು ಕೂತೆ. ನನ್ನ ದೈವ ಅಷ್ಟ, ನೀವೇನ್ ಮಾಡ್ತೀರಿ." ಬೇಸರ ಇಲ್ಲದ ದನಿ. "ಪಟ್ಟಿ ಇವತ್ತ ಸಂಜಿಗೆ ಕೊಡಬೇಕರಿ. ನಾ ಉಣಲಾರದ ಜಾಗಾದ ಬಗ್ಗೆ ಬರೆಯೂದಿಲ್ಲ. ನೋಡಲಾರದ ಹೊಲಕ್ಕ ಚಕ್ಕುಬಂದಿ ಬರದ್ರ ನಾಳೆ ಕೋರ್ಟಿನ್ಯಾಗ ನಿಲ್ಲೂದಿಲ್ಲ ನೋಡ್ರಿ, ಹಂಗ. ಖರೆ, ಒಂದು ಹಾದಿ ಅದ. ನೀವು ಮೂವತ್ತು ವರ್ಷ ಉಂಡೀರಿ. ನಿಮ್ಮ ಮಾತು ನಿಮ್ಮ ಹೆಸರಿಲೇ ಬರೀತೇನಿ, ಸಾಕ್ಷಿ ಹಾಕಿಸಿದಂಗ. ನಾಲ್ಕು ಮಾತು ಹೇಳ್ರಿ."

ಅವನು ನೋಟುಬುಕ್ಕು ಬಿಚ್ಚಿ, ಕನ್ನಡಕ ಏರಿಸಿ, ಪೆನ್ನು ಹಿಡಿದು ನಿಂತ. ಬಾಕಿನ ಮೇಲೆ ಐದಾರು ಜನ ಇದ್ದರು. ದುರಗೇಶ ಚಹಾ ಸೋಸುವುದು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದ. ಎಲ್ಲರಿಗೂ ಪ್ರಭುಲಿಂಗ ಏನೋ ಅನ್ನುತ್ತಾನೆ ಅಂತ ಗೊತ್ತಿತ್ತು. ನನಗೂ ಗೊತ್ತಿತ್ತು.

"ಬರಕೋರಿ," ಅಂದೆ. "ಸದರಿ ತಾಟಿಗೆ ಪೂರ್ವಕ್ಕೆ ರೊಟ್ಟಿ. ಪಶ್ಚಿಮಕ್ಕೆ ಜುಣಕ. ಉತ್ತರಕ್ಕೆ ಶೇಂಗಾ ಹಿಂಡಿ. ದಕ್ಷಿಣಕ್ಕೆ ಪವಮಾನರಾಯರ ಗುಳಗಿ."

ಬಾಕು ಅಲ್ಲಾಡುವ ಹಾಗೆ ನಕ್ಕರು. ಪವಮಾನ ಮೊದಲ ಮೂರನ್ನು ಬರೆದೂ ಬಿಟ್ಟಿದ್ದ, ನಾಲ್ಕನೆಯದಕ್ಕೆ ಪೆನ್ನು ನಿಂತಿತು. ನಗು ಇಳಿಯುವವರೆಗೆ ಕಾದ.

"ಇದನ್ನ ಬರೀಲಿಕ್ಕೆ ಬರೂದಿಲ್ರಿ," ಅಂದ. "ಮತ್ತೇನರ ಹೇಳ್ತೀರೇನು?"

ಹೇಳಬಹುದಿತ್ತು. ಮೂವತ್ತು ವರ್ಷದ ರೊಟ್ಟಿ ಹೊಟ್ಟೆಯಲ್ಲಿತ್ತು. ಆದರೆ ನಗುತ್ತಿದ್ದವರ ನಡುವೆ, ಈ ಮನುಷ್ಯನ ನೋಟುಬುಕ್ಕಿಗೆ ಮುಖ ಗಂಭೀರ ಮಾಡಿಕೊಂಡು ಒಳ್ಳೆಯ ಮಾತು ಹೇಳುವುದು ನನ್ನಿಂದ ಆಗಲಿಲ್ಲ.

"ಮತ್ತೇನಿಲ್ಲ," ಅಂದೆ.

ಜಮಖಂಡಿ ಬಸ್ ಬಂತು. ಅವನು ಕೈ ಮುಗಿದು ಹತ್ತಿ ಹೋದ.

ಅವತ್ತು ಎರಡು ಗಂಟೆಗೆ ಕರೆಂಟ್ ಹೋಯಿತು. ನಾನು ಬನಹಟ್ಟಿಗೆ ಉಣ್ಣಲು ಹೋಗಿದ್ದೆ. ಇಂದ್ರವ್ವ ರೊಟ್ಟಿ ತಟ್ಟುತ್ತಲೇ ಬುಧವಾರದ ಕತೆ ಹೇಳಿದಳು. ಹನ್ನೆರಡಕ್ಕೆ ಬಂದವನು ಕಟ್ಟೆಯ ತುದಿಯಲ್ಲಿ ಕೂತನಂತೆ. ಇವತ್ತು ಕರೆಂಟ್ ಹೋಗುವುದಿಲ್ಲ ಅಂತ ಆಕೆ ಎರಡು ಸಲ ಹೇಳಿದರೂ, ಎದ್ದು ಬರಬೇಡಿ ಅಂದಿದ್ದಾರೆ ಅಂತ ಏಳಲಿಲ್ಲವಂತೆ. ಹೊಟ್ಟೆ ಹಿಡಿದುಕೊಂಡು ಕೂತವನನ್ನು ನೋಡಿ, ನಿಮಗೊಬ್ಬರಿಗೆ ಎರಡು ರೊಟ್ಟಿ ತಟ್ಟಿಕೊಡುತ್ತೇನೆ ಅಂದಳಂತೆ.

"ಅದಕ್ಕ ಏನಂದ್ರು ಗೊತ್ತೈತೇನು? ಬ್ಯಾಡ್ರಿ, ಎಲ್ಲರಿಗೂ ಹೆಂಗ ಬಡಿಸ್ತೀರಿ ಹಂಗ ಉಂಡು ಬರೀಬೇಕು, ನನಗಷ್ಟ ಬ್ಯಾರೆ ಮಾಡಿದ್ರ ಅದು ಖರೆ ಆಗೂದಿಲ್ಲ, ಅಂದ್ರು. ಡಬ್ಬಿನೂ ತಂದಿರಲಿಲ್ಲ. ಒಂದ ಬಟ್ಟಲ ಮೊಸರ ಕೊಟ್ನಿ, ಅದನ್ನಷ್ಟ ಕುಡದ್ರು. ಸುಮ್ನ ಕೂಡಾಕ ಆಗದ ನನ್ನ ರಾಟಿ ತಗೊಂಡ ಕಂಡಿಕಿ ಸುತ್ತಿದ್ರು. ಕೈ ಛಲೋ ಐತಿ. ಒಂದೂ ಎಳಿ ಹರೀಲಿಲ್ಲ."

ನಾನು ರೊಟ್ಟಿ ಮುರಿದು ಜುಣಕಕ್ಕೆ ಅದ್ದಿದೆ. ಆಕೆ ಹಂಚಿನ ಮೇಲಿಂದ ಕಣ್ಣೆತ್ತಿದಳು.

"ಬುಧವಾರ ಕರೆಂಟ್ ಹೋಗೂದಿಲ್ಲ ಅನ್ನೂದು ನಿನಗ ಗೊತ್ತಿರಲಿಲ್ಲೇನಣ್ಣಾ?"

"ಮರತಬಿಟ್ನಿ."

ಆಕೆ ಇನ್ನೊಂದು ರೊಟ್ಟಿ ಹಾಕಿದಳು.

ಪುಸ್ತಿಕೆ ಬಂತು. ನೋಡತಕ್ಕ ಜಾಗ ಹತ್ತು, ಚಿಮ್ಮಡದ ತಂಗುದಾಣವೂ ಸೇರಿ. ಉಣ್ಣತಕ್ಕ ಜಾಗ ಒಂಬತ್ತು. ಹತ್ತನೆಯದರ ಮುಂದೆ ಪವಮಾನ ಖಾಲಿ ಬಿಟ್ಟು ಅಡ್ಡಕ್ಕೊಂದು ಗೆರೆ ಎಳೆದಿದ್ದ, ಬಾಂಡಿನಲ್ಲಿ ಯಾರೂ ಆಮೇಲೆ ಏನನ್ನೂ ತುರುಕಬಾರದು ಅಂತ ಎಳೆಯುತ್ತಾರಲ್ಲ, ಹಾಗೆ. ಒಂಬತ್ತರಲ್ಲಿ ಮುಧೋಳ ರಸ್ತೆಯ ಒಂದು ಧಾಬಾಕ್ಕೆ ಅರವತ್ತು ಜನರ ಊಟ ಹೋಯಿತು. ಅಲ್ಲಿಯ ರೊಟ್ಟಿ ನನಗೆ ಗೊತ್ತು. ಅದನ್ನು ಹರಿಯಲು ಎರಡು ಕೈ ಸಾಲುವುದಿಲ್ಲ.

ನಾನು ಜಮಖಂಡಿಗೆ ಹೋದೆ, ಇದನ್ನೂ ಹೇಳಿಬಿಡುತ್ತೇನೆ. ತಗಡಿನ ನೆರಳಲ್ಲಿ ಪವಮಾನ ಯಾರದೋ ಆಸ್ತಿ ಪಾಲಿನ ವಾಟ್ನಿ ಪತ್ರ ಬರೆಯುತ್ತಿದ್ದ. ಈಗ ಹೇಳುತ್ತೇನೆ, ಬರೆದುಕೊಳ್ಳಿ ಅಂದೆ. ಅವನು ಕುರ್ಚಿ ಬಿಟ್ಟುಕೊಟ್ಟು ತಾನು ನಿಂತ. "ಬರೀತೇನರಿ. ಫೋನಿನ್ಯಾಗ ಹಾಕ್ತೇನಿ. ಖರೆ ಕಂಪನಿಯವರದು ಧಾಬಾದವರ ಜೋಡಿ ಕರಾರಿಗೆ ಸಹಿ ಆಗ್ಯದ, ಒಂದು ವರ್ಷ ಏನೂ ಮಾಡ್ಲಿಕ್ಕೆ ಬರೂದಿಲ್ಲ." ನನ್ನ ಮುಖ ನೋಡಿ ನೀರು ತರಿಸಿಕೊಟ್ಟ. ನನಗೆ ಅವನ ಮೇಲೆ ಸಿಟ್ಟು ಬಂತು. ಇವನಿಗೆ ಸಿಟ್ಟು ಬರುವುದೇ ಇಲ್ಲವಲ್ಲ ಅಂತ ಸಿಟ್ಟು.

ಇಷ್ಟರಲ್ಲಿ ದುರಗೇಶನ ಅಂಗಡಿಯಿಂದ ನನ್ನ ಚಕ್ಕುಬಂದಿಯ ಹಾಸ್ಯ ಊರೆಲ್ಲ ಸುತ್ತಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ನೂಲಿನ ಅಂಗಡಿಯಲ್ಲಿ, ಪ್ರಭುಲಿಂಗ ಹಿಂಗಂದನಂತೆ ಅಂತ ನಕ್ಕರು. ಬನಹಟ್ಟಿಯ ಓಣಿಗೂ ಮುಟ್ಟಿತು. ಯಾವ ದಿನ ಅಂದದ್ದು, ಯಾಕೆ ಅಂದದ್ದು, ಪವಮಾನ ಏನು ಬೇಡಿಕೊಂಡು ಬಂದಿದ್ದ, ಎಲ್ಲ ಸೇರಿಯೇ ಮುಟ್ಟಿತು.

ಎರಡು ತಿಂಗಳು ಕಳೆದ ಮೇಲೆ ಇಂದ್ರವ್ವ ಖಾನಾವಳಿ ಮುಚ್ಚುವ ಸುದ್ದಿ ಬಂತು. ಮಗಳ ಮನೆಯಿಂದ ಸಾಮಾನು ಒಯ್ಯಲು ಟಂಟಂ ಬರುವ ದಿನವೇ ಕಡೆಯ ಊಟ. ನಾನು ಹನ್ನೊಂದಕ್ಕೇ ಹೋದೆ. ಕಟ್ಟೆಯ ಮೇಲೆ ನನಗಿಂತ ಮೊದಲು ಬಂದು ಪವಮಾನ ಕೂತಿದ್ದ. ಚೀಲ ಇರಲಿಲ್ಲ, ಡಬ್ಬಿ ಇರಲಿಲ್ಲ. ಒಂದು ಗುಳಿಗೆಯ ಪಟ್ಟಿ ಜೇಬಿನಿಂದ ಇಣುಕುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತು ಜಾಗ ಕೊಟ್ಟ.

ಎರಡಕ್ಕೆ ಕಾಲು ಗಂಟೆ ಇರುವಾಗ ಸದ್ದು ನಿಂತಿತು. ಹನ್ನೊಂದು ನೇಕಾರರು ಬಂದರು. ಸಾಲಾಗಿ ಕೂತೆವು, ಪವಮಾನನ ಪಕ್ಕ ನಾನು. ಆಕೆ ಮೊದಲ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು. ಅವನು ಕನ್ನಡಕ ಏರಿಸಿ ಫೋನು ತೆಗೆದು ರೊಟ್ಟಿಯ ಫೋಟೋ ಹಿಡಿಯತೊಡಗಿದ. ನಿಂತು ಒಂದು, ಬಗ್ಗಿ ಒಂದು, ಹಂಚಿನ ಕಡೆಯಿಂದ ಒಂದು. ಇವತ್ತು ಮುಚ್ಚುವ ಖಾನಾವಳಿಯ ಫೋಟೋ ಯಾವ ಊರಿನವರಿಗೆ ಬೇಕೋ ದೇವರಿಗೇ ಗೊತ್ತು. ನನ್ನ ಬಾಯಿಗೆ ಮಾತು ಬಂತು, ನುಂಗಿದೆ.

ಆಕೆ ಹನ್ನೊಂದು ಜನಕ್ಕೂ ಬಡಿಸಿದಳು. ಎರಡನೇ ಸುತ್ತೂ ಬಡಿಸಿದಳು. ನನ್ನ ತಾಟು ಖಾಲಿ ಇತ್ತು. ಪಕ್ಕದ ಪರಾತದಲ್ಲಿ ನಾದಿದ ಹಿಟ್ಟು ಇನ್ನೂ ಮೂರು ರೊಟ್ಟಿಗೆ ಆಗುವಷ್ಟು ಇತ್ತು. ಆಕೆ ನನ್ನ ಮುಂದೆ ಬಂದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡಳು.

"ಹಿಟ್ಟ ತೀರೇತ್ರಿ, ಕಂಡಕ್ಟರ್ ಸಾಹೇಬ್ರ."

ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರಿಗೂ ಹಿಟ್ಟು ತೀರಿರಲಿಲ್ಲ. ನೇಕಾರರು ತಾಟಿನ ಮೇಲೆ ಬಗ್ಗಿದರು. ಪರಾತ ಎಲ್ಲರಿಗೂ ಕಾಣುತ್ತಿತ್ತು.

ಪವಮಾನ ಒಬ್ಬನಿಗೆ ಅದು ಕಾಣಲಿಲ್ಲ, ಅವನು ಫೋಟೋ ಮುಗಿಸಿ ಆಗಷ್ಟೇ ಕೂತಿದ್ದ. ನನ್ನ ತಾಟು ನೋಡಿದ. ತನ್ನ ರೊಟ್ಟಿಯನ್ನು ನಡುವೆ ಮುರಿದು ಅರ್ಧವನ್ನು ನನ್ನ ತಾಟಿಗೆ ಹಾಕಿದ.

"ತಗೋರಿ, ಸಾಹೇಬ್ರ. ನನ್ನ ಹೊಟ್ಟಿಗೆ ಒಂದು ಭಾಳ ಆಗ್ತದ."

ಫೋಟೋ ತೆಗೆದು ತೆಗೆದು ಆರಿಹೋದ ರೊಟ್ಟಿ ಅದು. ತಲೆ ಎತ್ತದೆ ತಿಂದೆ.